ನಿಮ್ಮೂರಿನ ಕಥೆ ಯಾವ ಬೀರುವಿನಲ್ಲಿದೆ?

ಮನೆ ಕಂದಾಯ ಕಟ್ಟಿದ ರಸೀದಿ ಸಿಕ್ಕರೆ ಒಮ್ಮೆ ಬಿಡಿಸಿ ನೋಡಿ. ಆರೋಗ್ಯ ಕರ, ಭಿಕ್ಷುಕರ ಕರ ಇವುಗಳ ಸಾಲಿನಲ್ಲೇ ಗ್ರಂಥಾಲಯ ಕರ ಅಂತಲೂ ಒಂದಿರುತ್ತದೆ. ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದ ಬಂದ ಕರ ಇದು. ದುಡ್ಡು ಕೊಟ್ಟವರು ನಾವು, ಬಾಗಿಲು ದಾಟದವರೂ ನಾವೇ. ಬೆಳಿಗ್ಗೆ ಪೇಪರ್ ಓದುವ ನಿವೃತ್ತರು, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಕೂರುವ ಹುಡುಗರು, ಇಷ್ಟು ಜನ ಬಿಟ್ಟರೆ ಜಿಲ್ಲಾ ಕೇಂದ್ರ ಗ್ರಂಥಾಲಯದ ಪರಾಮರ್ಶನ ವಿಭಾಗಕ್ಕೆ ಬರುವವರು ಕಡಿಮೆ. ಅಲ್ಲಿನ ಬೀರುವಿನಲ್ಲಿ ನಿಮ್ಮ ಊರಿನ ಕೆರೆ ಕಟ್ಟಿಸಿದವನ ಹೆಸರು ಇರಬಹುದು. ಅದನ್ನು ಹುಡುಕುವ ದಾರಿ ಇಲ್ಲಿದೆ.

ಮೊದಲ ಕೆಲಸ ಮನೆಯಲ್ಲೇ

ಗ್ರಂಥಾಲಯಕ್ಕೆ ಹೊರಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: 1956ಕ್ಕೆ ಮೊದಲು ನಿಮ್ಮೂರು ಯಾರ ಆಡಳಿತದಲ್ಲಿತ್ತು? ಇದು ಗೊತ್ತಿಲ್ಲದೆ ಹೋದರೆ ಅರ್ಧ ದಿನ ತಪ್ಪು ಬೀರುವಿನ ಮುಂದೆ ಕಳೆಯುತ್ತದೆ. ಊರು ಹಳೇ ಮೈಸೂರಿನದಾದರೆ ಬಿ.ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿದ ಮೈಸೂರು ಗೆಜೆಟಿಯರಿನ (ಸರ್ಕಾರಿ ಸ್ಥಳವಿವರ ಗ್ರಂಥ) ಎರಡನೇ ಸಂಪುಟ, ಆಮೇಲೆ ಸಿ. ಹಯವದನರಾಯರ ಗೆಜೆಟಿಯರಿನ ಐದನೇ ಸಂಪುಟ ನೋಡಬೇಕು. ಎರಡರಲ್ಲೂ ಜಿಲ್ಲಾವಾರು ಊರುಗಳ ವಿವರವಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರಿಗೆ 1883-84ರ ಬೊಂಬಾಯಿ ಪ್ರಾಂತ್ಯದ ಗೆಜೆಟಿಯರುಗಳು. ಅವುಗಳ ಕೊನೆಯ ಭಾಗದಲ್ಲಿ ಸ್ಥಳಗಳ ಅಕಾರಾದಿ ಪಟ್ಟಿ ಇರುತ್ತದೆ, ಅಲ್ಲಿಂದಲೇ ಶುರು ಮಾಡಿ. ಮಂಗಳೂರು, ಉಡುಪಿ ಕಡೆಯವರಿಗೆ ಸ್ಟರಾಕ್ ಬರೆದ 1894ರ ಸೌತ್ ಕೆನರಾ ಮ್ಯಾನ್ಯುಯಲ್. ಬಳ್ಳಾರಿಗೆ ಫ್ರಾನ್ಸಿಸ್‌ನ 1904ರ ಗೆಜೆಟಿಯರ್. ಕೊಡಗಿನವರಿಗೆ ರಿಕ್ಟರ್‌ನ 1870ರ ಮ್ಯಾನ್ಯುಯಲ್. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು, ಅಲ್ಲಿನವರಿಗೆ ಈ ಪುಸ್ತಕಗಳು ನೆರವಾಗವು.

ಹೊಸ ಜಿಲ್ಲೆಯವರು ಇನ್ನೊಂದು ಹೆಜ್ಜೆ ಹಿಂದೆ ಹೋಗಬೇಕು. ದಾವಣಗೆರೆ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ ಇವೆಲ್ಲ 1997ರಲ್ಲಿ ಆದದ್ದು. ದಾವಣಗೆರೆ ಜಿಲ್ಲೆಯ ಹೊನ್ನಾಳಿ ಬೇಕಿದ್ದರೆ ಹಳೆಯ ಪುಸ್ತಕದಲ್ಲಿ ಶಿವಮೊಗ್ಗ ತೆಗೆಯಿರಿ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಅದಕ್ಕೂ ಹಿಂದಿನದೆಲ್ಲ ಮೈಸೂರಿನ ಹೊಟ್ಟೆಯಲ್ಲಿದೆ.

ಊರಿನ ಹೆಸರೂ ಕೈಕೊಡುತ್ತದೆ. ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ಕೃಷ್ಣರಾಜನಗರ ಎಡತೊರೆ. ರಾಮನಗರ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಸಕಲೇಶಪುರದ ಸೀಮೆ ಮಂಜರಾಬಾದ್. ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಆಗ ಕಡೂರು ಜಿಲ್ಲೆ. ಮನೆಯ ಹಿರಿಯರನ್ನು ಕೇಳಿ, ಹಳೇ ಕ್ರಯಪತ್ರ ನೋಡಿ. ಹೋಬಳಿ, ತಾಲ್ಲೂಕು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈ ಚೀಟಿ ಇಲ್ಲದೆ ಹೋಗಬೇಡಿ.

ಹೋಗುವ ದಿನ

ಬಹುಪಾಲು ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ. ಭಾನುವಾರ ಬಾಗಿಲು ತೆಗೆದಿರುತ್ತದೆಂದು ಗೊತ್ತಿಲ್ಲದೆ, ಆಫೀಸಿಗೆ ರಜೆ ಹಾಕಿ ಸೋಮವಾರವೇ ಹೋಗಿ ಬೀಗ ನೋಡಿ ಬಂದವನು ನಾನು. ಕೂತು ಓದಲು ಸದಸ್ಯತ್ವ ಬೇಕಿಲ್ಲ. ಮನೆಗೆ ಒಯ್ಯಬೇಕಾದರೆ ಮಾತ್ರ ವಿಳಾಸದ ದಾಖಲೆ, ಫೋಟೊ, ಸಣ್ಣ ಠೇವಣಿ ಕೊಟ್ಟು ಕಾರ್ಡ್ ಮಾಡಿಸಬೇಕು. ಆದರೆ ಪರಾಮರ್ಶನ ಪುಸ್ತಕಗಳನ್ನು ಕಾರ್ಡ್ ಇದ್ದರೂ ಮನೆಗೆ ಕೊಡುವುದಿಲ್ಲ, ನಮಗೆ ಬೇಕಾದದ್ದು ಅವೇ. ಹಾಗಾಗಿ ಪೆನ್ಸಿಲ್, ನೋಟ್‌ಬುಕ್, ಚಾರ್ಜ್ ತುಂಬಿದ ಫೋನ್ ಇಟ್ಟುಕೊಳ್ಳಿ.

ಒಳಗೆ ಹೋಗಿ ಏನೆಂದು ಕೇಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ಜಿಲ್ಲಾ ಕೇಂದ್ರದಲ್ಲಿ ನಾನು ‘ನಮ್ಮೂರಿನ ಇತಿಹಾಸದ ಬಗ್ಗೆ ಹಳೇ ಪುಸ್ತಕ ಏನಾದರೂ ಇದೆಯಾ ಸರ್’ ಅಂದೆ. ಕೌಂಟರಿನಲ್ಲಿದ್ದವರು ತಲೆ ಎತ್ತದೆ ‘ಇಲ್ಲ’ ಅಂದರು. ಸ್ವಲ್ಪ ಹೊತ್ತು ಪೇಪರ್ ತಿರುವಿ ಮತ್ತೆ ಹೋಗಿ ‘ಜಿಲ್ಲಾ ಗೆಜೆಟಿಯರ್ ಮತ್ತು ಎಪಿಗ್ರಾಫಿಯಾ ಕರ್ನಾಟಿಕಾ ಐದನೇ ಸಂಪುಟ’ ಅಂದೆ (ಎರಡನೆಯದು ಶಾಸನಗಳ ಸಂಪುಟ ಮಾಲೆ). ಅವರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ನೋಡಿದರು, ಕೀಲಿಗೊಂಚಲು ಹಿಡಿದು ಎದ್ದರು. ಕಬ್ಬಿಣದ ಬೀರು, ಅದರ ಕೆಳಗಿನ ಖಾನೆ, ಮೇಲೆ ಹಳೇ ಇಯರ್‌ಬುಕ್ಕುಗಳ ರಾಶಿ. ಆ ಮಧ್ಯಾಹ್ನವೆಲ್ಲ ಅವರೇ ನನಗೆ ಪುಸ್ತಕ ತಂದುಕೊಟ್ಟರು. ಪುಸ್ತಕದ ಹೆಸರು ಹೇಳಿ ಕೇಳಿ, ವಿಷಯ ಹೇಳಿ ಕೇಳಬೇಡಿ. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿರುವ ಕಡೆ ನೀವೇ ಹುಡುಕಬಹುದು: ಕರ್ನಾಟಕದ ಚರಿತ್ರೆಗೆ 954.87 ಎಂಬ ಸಂಖ್ಯೆ.

ಶಾಸನ ಸಂಪುಟ ಓದುವ ಬಗೆ

ಇಲ್ಲಿ ಸ್ವಲ್ಪ ನಿಧಾನಿಸೋಣ, ಹೆಚ್ಚಿನವರು ಸುಸ್ತಾಗಿ ಎದ್ದು ಬರುವುದು ಇಲ್ಲಿಂದಲೇ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ ಹನ್ನೆರಡು ಸಂಪುಟಕ್ಕೆ ಬೆಳೆಯಿತು. ಎರಡನೆಯದು ಶ್ರವಣಬೆಳಗೊಳ, ಮೂರು ಮತ್ತು ನಾಲ್ಕು ಮೈಸೂರು, ಐದು ಹಾಸನ, ಆರು ಕಡೂರು, ಏಳು ಮತ್ತು ಎಂಟು ಶಿವಮೊಗ್ಗ, ಒಂಬತ್ತು ಬೆಂಗಳೂರು, ಹತ್ತು ಕೋಲಾರ, ಹನ್ನೊಂದು ಚಿತ್ರದುರ್ಗ, ಹನ್ನೆರಡು ತುಮಕೂರು. ಒಳಗೆ ಶಾಸನಗಳು ತಾಲ್ಲೂಕುವಾರು. ಒಂದೇ ಶಾಸನ ಕನ್ನಡ ಲಿಪಿಯಲ್ಲಿ ಒಂದು ಕಡೆ, ರೋಮನ್ ಲಿಪಿಯಲ್ಲಿ ಇನ್ನೊಂದು ಕಡೆ, ಇಂಗ್ಲಿಷ್ ಅನುವಾದದಲ್ಲಿ ಮತ್ತೊಂದು ಕಡೆ ಇರುತ್ತದೆ. ಆದ್ದರಿಂದ ಪುಟಸಂಖ್ಯೆಯ ಬೆನ್ನು ಹತ್ತಬೇಡಿ, ಶಾಸನದ ಸಂಖ್ಯೆ ಹಿಡಿಯಿರಿ. ಸಂಶೋಧನಾ ಲೇಖನಗಳ ಅಡಿಟಿಪ್ಪಣಿಯಲ್ಲಿ ‘ಎ.ಕ. 7, ಶಿಕಾರಿಪುರ 176’ ಎಂದಿದ್ದರೆ ಏಳನೇ ಸಂಪುಟ, ಶಿಕಾರಿಪುರ ತಾಲ್ಲೂಕು, 176ನೇ ಶಾಸನ ಎಂದರ್ಥ. ತೆಗೆದು ನೋಡಿದರೆ ಅದು ಕದಂಬರ ಕಥೆ ಹೇಳುವ ತಾಳಗುಂದದ ಸ್ತಂಭಶಾಸನ.

ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಇದೇ ಹೆಸರಿನಲ್ಲಿ ಪರಿಷ್ಕೃತ ಸಂಪುಟಗಳನ್ನು ತಂದಿದೆ, ಸಂಪುಟಗಳ ಲೆಕ್ಕ ಮಾತ್ರ ಬೇರೆ. ಹಳೆಯದರ ಏಳು ಶಿವಮೊಗ್ಗವಾದರೆ ಹೊಸದರ ಏಳು ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ. ಅಡಿಟಿಪ್ಪಣಿ ಯಾವುದರದ್ದೆಂದು ಮೊದಲು ನೋಡಿಕೊಳ್ಳಿ. ಹೊಸದು ಇದ್ದರೆ ಅದನ್ನೇ ತೆಗೆಯಿರಿ, ಪಾಠ ತಿದ್ದಿರುತ್ತಾರೆ.

ಶಾಸನದ ಕಾಲ ಶಕವರ್ಷದಲ್ಲಿದ್ದರೆ 78 ಕೂಡಿಸಿ. ಬೇಲೂರಿನ ಚೆನ್ನಕೇಶವ ದೇವಾಲಯದ ಶಾಸನದ ಶಕ 1039 ಹೀಗೆ 1117 ಆಗುತ್ತದೆ. ಮಾಘ, ಫಾಲ್ಗುಣದ ತಿಥಿಯಿದ್ದರೆ 79 ಕೂಡಿಸಬೇಕು.

ಸಂಪುಟದಲ್ಲಿ ಊರಿನ ಹೆಸರಿಲ್ಲವೆಂದು ಎದ್ದುಬಿಡಬೇಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವೇ ರೈಸ್ ಅವರ ಹಾಸನ ಸಂಪುಟದಲ್ಲಿಲ್ಲ! ಅದನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಆ ವರ್ಷದ ವರದಿಯ ಮೂಲಕ. ಇಲಾಖೆಯ ಈ ವಾರ್ಷಿಕ ವರದಿಗಳನ್ನೂ ಕೇಳಿ ಪಡೆಯಿರಿ. ಹಿಂದೆ ಮುಂಬೈ ಕರ್ನಾಟಕವೆನ್ನುತ್ತಿದ್ದ ಭಾಗದವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11ನೇ ಸಂಪುಟದಿಂದ, ಬಳ್ಳಾರಿ ಕಡೆಯವರು 9ನೆಯದರಿಂದ ಆರಂಭಿಸಬಹುದು.

ಫೋಟೊ ತೆಗೆಯಲು ಅನುಮತಿ ಕೇಳಿ. ಕೊಟ್ಟರೆ ಮೊದಲ ಫೋಟೊ ಮುಖಪುಟದ್ದು, ಎರಡನೆಯದು ಮುದ್ರಣದ ವರ್ಷವಿರುವ ಪುಟದ್ದು, ಆಮೇಲೆ ಒಳಗಿನದು. ಮನೆಗೆ ಬಂದ ಮೇಲೆ ನಲವತ್ತು ಫೋಟೊ ಇದ್ದು ಯಾವ ಪುಸ್ತಕದ್ದೆಂದೇ ತಿಳಿಯದಿದ್ದರೆ ಮತ್ತೆ ಬಸ್ಸು ಹತ್ತಬೇಕು.

ಗೆಜೆಟಿಯರ್ ಹೇಳದ್ದು

ದೊರೆಗಳ ಕಥೆಗೆ ಶಾಸನ, ಕಂದಾಯದ ಕಥೆಗೆ ಗೆಜೆಟಿಯರ್. ನಮ್ಮಜ್ಜನ ಕಾಲದ ಕಥೆಗೆ? ನನ್ನ ಲೆಕ್ಕದಲ್ಲಿ ಗ್ರಂಥಾಲಯದ ನಿಜವಾದ ಆಸ್ತಿ ಸ್ಮರಣ ಸಂಚಿಕೆಗಳು. ತಾಲ್ಲೂಕು ಸಾಹಿತ್ಯ ಸಮ್ಮೇಳನ, ಶಾಲೆಯ ಶತಮಾನೋತ್ಸವ, ಸಹಕಾರ ಸಂಘದ ವಜ್ರಮಹೋತ್ಸವ, ಮಠದ ಸ್ವಾಮಿಗಳ ಅಭಿನಂದನ ಗ್ರಂಥ. ಅರ್ಧ ಪುಸ್ತಕ ಶುಭಾಶಯ ಸಂದೇಶ, ಉಳಿದರ್ಧ ಜವಳಿ ಅಂಗಡಿ ಜಾಹೀರಾತು ಅಂತ ನಗಬೇಡಿ. ಆ ಜಾಹೀರಾತಿನಲ್ಲೇ ಪೇಟೆ ಬೀದಿಯ ಅಂದಿನ ಅಂಗಡಿಗಳ ಪಟ್ಟಿ ಇರುತ್ತದೆ, ಮೂರಂಕಿಯ ಫೋನ್ ನಂಬರ್ ಸಮೇತ. ನಡುವೆ ಎಲ್ಲೋ ನಿವೃತ್ತ ಮೇಷ್ಟ್ರೊಬ್ಬರು ಪ್ಲೇಗ್ ಬಂದಾಗ ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದನ್ನು ನಾಲ್ಕು ಪುಟ ಬರೆದಿರುತ್ತಾರೆ. ಇಂಥವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಗೆಜೆಟಿಯರುಗಳು ಮತ್ತು ಹಳೆಯ ಶಾಸನ ಸಂಪುಟಗಳು ಮಾತ್ರ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಹಳೆಯ ಸ್ಪೆಲ್ಲಿಂಗ್ ಹಾಕಿ ಹುಡುಕಿ. ಜನಗಣತಿಯ ಜಿಲ್ಲಾ ಕೈಪಿಡಿಗಳನ್ನೂ ಬಿಡಬೇಡಿ. 1951ರಿಂದೀಚೆಗೆ ಹಳ್ಳಿವಾರು ಲೆಕ್ಕ ಅವುಗಳಲ್ಲಿದೆ.

ಜಿಲ್ಲೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ಹಳೆಯ ಕನ್ನಡ ಪುಸ್ತಕಗಳಿಗೆ ಅಲ್ಲಿಗೆ ಹೋಗಲೇಬೇಕು.

ಜೊತೆಗೆ ಮಕ್ಕಳಿದ್ದರೆ

ಹಳ್ಳಿಯವರಾದರೆ ಪಂಚಾಯಿತಿ ಗ್ರಂಥಾಲಯ ಈಗ ‘ಅರಿವು ಕೇಂದ್ರ’. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಮರುವರ್ಷ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಶುರುವಾಯಿತು. ಮಗುವನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ, ಪುಸ್ತಕ ಪ್ರದರ್ಶನ, ಸ್ಪರ್ಧೆಗಳು ನಡೆಯುವುದು ಆಗಲೇ. ಮಕ್ಕಳಿಗೆ ಊರಿನ ವೀರಗಲ್ಲು ತೋರಿಸಿ, ಅದರ ಪಾಠ ಶಾಸನ ಸಂಪುಟದಲ್ಲಿದೆ ಎಂದು ಹೇಳಲು ಆ ವಾರ ಚೆನ್ನ.

ಕೊನೆಯದಾಗಿ, ಬರಿಗೈಲಿ ಹೋಗಬೇಡಿ. ಅಟ್ಟದ ಮೇಲೆ ಬಿದ್ದಿರುವ ಶಾಲೆಯ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರಗಳ ಕಟ್ಟು, ಅಪ್ಪ ಇಟ್ಟುಕೊಂಡಿದ್ದ ಸೊಸೈಟಿ ವರದಿ, ರದ್ದಿಗೆ ಹಾಕುವುದನ್ನು ಜಿಲ್ಲಾ ಕೇಂದ್ರದ ಗ್ರಂಥಪಾಲಕರಿಗೋ ಅರಿವು ಕೇಂದ್ರದ ಮೇಲ್ವಿಚಾರಕರಿಗೋ ಕೊಡಿ. ಬಿಡಿ ಹಾಳೆಗಳನ್ನು ದಾರ ಹಾಕಿ ಹೊಲಿಸಿ, ಮೇಲೆ ಊರು, ವರ್ಷ ಬರೆಯಿರಿ. ಕೊಟ್ಟು ಸುಮ್ಮನೆ ಬಂದರೆ ಅದು ಮೂಲೆ ಸೇರುತ್ತದೆ. ಅಕ್ಸೆಷನ್ ರಿಜಿಸ್ಟರಿನಲ್ಲಿ (ಪುಸ್ತಕಗಳ ದಾಖಲೆ ವಹಿ) ಏರಿಸುವವರೆಗೂ ಅಲ್ಲೇ ಕೂತಿದ್ದು, ನಂಬರ್ ಬರೆದುಕೊಂಡು ಬನ್ನಿ. ಮುಂದಿನ ಸಲ ಹೋದಾಗ ಆ ನಂಬರ್ ಹೇಳಿ ನಿಮ್ಮದೇ ಪುಸ್ತಕ ಕೇಳಿ ನೋಡಿ.