ಸೇಂಟ್ ಥಾಮಸ್ ಚರ್ಚು: ಕಲ್ಲಿನ ಬರಹವನ್ನು ಓದುವ ಬಗೆ

ಪಶ್ಚಿಮ ರೈಲುಮಾರ್ಗದ ಕೊನೆಯ ನಿಲ್ದಾಣವನ್ನು ನಾವೆಲ್ಲರೂ ಚರ್ಚ್‌ಗೇಟ್ ಎನ್ನುತ್ತೇವೆ. ಆ ಚರ್ಚು ಯಾವುದು, ಆ ಗೇಟು ಎಲ್ಲಿ ಎಂದು ವಿಚಾರಿಸುವವರು ವಿರಳ. ಹಿಂದೆ ಮುಂಬಯಿಯು ಗೋಡೆ ಸುತ್ತುವರಿದ ಕೋಟೆಯ ಊರಾಗಿತ್ತು. ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳು ಅದಕ್ಕಿದ್ದವು. 1860ರ ದಶಕದಲ್ಲಿ ಕೋಟೆಯನ್ನು ಕೆಡವಿದರು. ಬಾಗಿಲು ಅಳಿಯಿತು, ಅದಕ್ಕೆ ಹೆಸರು ಕೊಟ್ಟ ಸೇಂಟ್ ಥಾಮಸ್ ಚರ್ಚು ಉಳಿಯಿತು.

ಕುರ್ಲಾದಿಂದ ರೈಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೋಗಿ, ಅಲ್ಲಿಂದ ಹಾರ್ನಿಮನ್ ಸರ್ಕಲ್ಲಿನತ್ತ ನಡೆದರೆ ಈ ಚರ್ಚು ದೊರೆಯುತ್ತದೆ. ಈಗ ಉದ್ಯಾನವಿರುವ ಆ ಸ್ಥಳವು ಹಿಂದೆ ಹತ್ತಿಯ ಅಂಡಿಗೆಗಳನ್ನು ಒಟ್ಟುತ್ತಿದ್ದ ಬಯಲು. 1844ರಲ್ಲಿ ಹತ್ತಿಯ ಪೇಟೆ ಕೊಲಾಬಾಕ್ಕೆ ಹೋಯಿತು. ನಮ್ಮ ಕುರ್ಲಾದ ಹೋಲಿ ಕ್ರಾಸ್ ಚರ್ಚು ರೋಮನ್ ಕ್ಯಾಥೊಲಿಕರದು. ಇದಾದರೋ ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರು ಕಟ್ಟಿದ್ದು; 1970ರಿಂದ ಚರ್ಚ್ ಆಫ್ ನಾರ್ತ್ ಇಂಡಿಯಾಕ್ಕೆ ಸೇರಿದೆ.

1676ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ ಇದರ ಕೆಲಸ ಆರಂಭವಾಯಿತು. ಅನಂತರ ಬಹುಕಾಲ ಗೋಡೆಗಳು ಅರೆಯಾಗಿಯೇ ನಿಂತಿದ್ದವು. ರಿಚರ್ಡ್ ಕಾಬ್ ಎಂಬ ಪಾದ್ರಿಯು ಚಂದಾ ಎತ್ತಿ ಕಟ್ಟಡವನ್ನು ಪೂರ್ತಿಗೊಳಿಸಿದನು. 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಅಂದು ರಾಮಾ ಕಾಮತಿ ಎಂಬ ಹಿಂದೂ ಶ್ರೀಮಂತನು ತನ್ನ ಜನರೊಡನೆ ಬಂದು, ಹೊರಗೆ ನಿಂತು ಪ್ರಾರ್ಥನೆಯನ್ನು ಆದರದಿಂದ ಆಲಿಸಿದನೆಂದು ಕಾಬನೇ ಬರೆದಿದ್ದಾನೆ. ಎರಡೇ ವರ್ಷಗಳಲ್ಲಿ, 1720ರಲ್ಲಿ, ಕಾನ್ಹೋಜಿ ಆಂಗ್ರೆಯೊಡನೆ ಒಳಸಂಚು ನಡೆಸಿದನೆಂದು ಅದೇ ಕಾಮತಿಯ ಮೇಲೆ ಕಂಪನಿ ಸರಕಾರವು ರಾಜದ್ರೋಹದ ಆರೋಪ ಹೊರಿಸಿತು. ಆತನು ಸೆರೆಯಲ್ಲಿಯೇ ತೀರಿಕೊಂಡನು. ಸಾಕ್ಷಿಯಾಗಿ ತಂದ ಪತ್ರಗಳು ಕೃತಕವಾದವು ಎಂಬುದು ಅನಂತರ ತಿಳಿದುಬಂದಿತು.

ಚರ್ಚಿನ ಒಳಗೋಡೆಗಳ ಮೇಲೆಲ್ಲ ಸತ್ತವರ ಸ್ಮಾರಕಗಳಿವೆ. ಅವನ್ನು ಕಂಡಾಗ ನಮ್ಮ ನಾಡಿನ ವೀರಗಲ್ಲುಗಳು ನೆನಪಾಗುವುದು ಸಹಜ. 1795ರಿಂದ 1811ರ ವರೆಗೆ ಗವರ್ನರನಾಗಿದ್ದ ಜೊನಾಥನ್ ಡಂಕನನ ಅಮೃತಶಿಲೆಯ ಸ್ಮಾರಕವು ಅವುಗಳಲ್ಲಿ ಒಂದು. ಬನಾರಸ, ಕಾಠೇವಾಡಗಳಲ್ಲಿ ಶಿಶುಹತ್ಯೆ ರದ್ದಾಯಿತೆಂದು ಅದರ ಮೇಲೆ ಕೆತ್ತಿದ್ದಾರೆ. ಹೆಣ್ಣು ಕೂಸುಗಳನ್ನು ಕೊಲ್ಲುವ ಆ ಕ್ರೂರ ರೂಢಿಯನ್ನು ತಡೆಯಲು ಡಂಕನನು ಯತ್ನಿಸಿದ್ದು ನಿಜ. ಆದರೆ ಅದೇ ಕಾರಣಕ್ಕೆ ಸರಕಾರವು 1870ರಲ್ಲಿ ಪುನಃ ಕಾಯದೆ ಮಾಡಬೇಕಾಯಿತು. ರೂಢಿ ಅಳಿದಿರಲಿಲ್ಲ, ಅಳಿಯಿತೆಂದು ಕಲ್ಲು ಮಾತ್ರ ಹೇಳಿತ್ತು.

ಈ ಡಂಕನನಿಗೂ ನಮ್ಮ ಕುರ್ಲಾಕ್ಕೂ ಸಂಬಂಧವುಂಟು. ಕುರ್ಲಾ ಸಾಷ್ಟಿ ದ್ವೀಪದ್ದು. ನಡುವೆ ಖಾಡಿ, ಆಚೆ ಮುಂಬಯಿ. ಕುರ್ಲಾವನ್ನು ಸಾಯನ್ನಿಗೆ ಕೂಡಿಸುವ ಒಡ್ಡುದಾರಿಯು ಆತನ ಆಡಳಿತದಲ್ಲಿ, 1798ರ ಮೇ ತಿಂಗಳಲ್ಲಿ ಆರಂಭವಾಗಿ 1805ರ ಜನವರಿಯಲ್ಲಿ ಮುಗಿಯಿತು. ತಗಲಿದ ವೆಚ್ಚ 50,374 ರೂಪಾಯಿ. 1826ರಲ್ಲಿ ಅದರ ಅಗಲವನ್ನು ಇಮ್ಮಡಿಗೊಳಿಸಿದರು. ಇವೆಲ್ಲವನ್ನೂ ಅಲ್ಲಿ ನಿಲ್ಲಿಸಿದ್ದ ಶಿಲಾಫಲಕವು ಸಾರಿತು. ಕೆಸರಿನಲ್ಲಿ ನಿಂತು ಕಲ್ಲು ಹೊತ್ತವರ ಹೆಸರುಗಳನ್ನು ಅದು ಹೇಳಲಿಲ್ಲ. ನಮ್ಮ ವೀರಗಲ್ಲುಗಳಲ್ಲಿ, ಊರ ದನಗಳನ್ನು ಬಿಡಿಸಲು ಹೋರಾಡಿ ಮಡಿದ ಸಾಮಾನ್ಯನ ಹೆಸರೂ ದೊರೆಯುತ್ತದೆಂಬುದನ್ನು ಇಲ್ಲಿ ಹೋಲಿಸಿ ನೋಡತಕ್ಕದ್ದು.

ಇದರಿಂದ ನಾವು ಕಲಿಯಬೇಕಾದ ಪಾಠವಿಷ್ಟು. ಕಾಗದದಲ್ಲಿ ಬರೆದ ಮಾತ್ರಕ್ಕೆ ಕಾಮತಿ ದ್ರೋಹಿಯಾಗಲಿಲ್ಲ. ಕಲ್ಲಿನಲ್ಲಿ ಕೆತ್ತಿದ ಮಾತ್ರಕ್ಕೆ ಶಿಶುಹತ್ಯೆ ನಿಲ್ಲಲಿಲ್ಲ. ಯಾವ ಶಾಸನವನ್ನೇ ಆಗಲಿ ಓದುವಾಗ, ಇದನ್ನು ಬರೆಸಿದವರಾರು, ಯಾವಾಗ ಬರೆಸಿದರು, ಯಾರನ್ನು ಬಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ವಿದ್ಯಾರ್ಥಿಗಳೇ, ರಜೆಯಲ್ಲಿ ಹಿರಿಯರೊಡನೆ ಒಮ್ಮೆ ಈ ಚರ್ಚಿಗೆ ಹೋಗಿಬನ್ನಿರಿ. ಅದು ಇಂದಿಗೂ ಪೂಜಾಸ್ಥಾನ. ಆದುದರಿಂದ ಪ್ರಾರ್ಥನೆಯ ಹೊತ್ತನ್ನು ಬಿಟ್ಟು ಹೋಗಿ, ಮೆಲ್ಲಗೆ ನಡೆಯಿರಿ. ಕೈಯಲ್ಲಿ ಒಂದು ವಹಿಯಿರಲಿ. ಯಾವುದಾದರೂ ಒಂದು ಕಲ್ಲನ್ನು ಆರಿಸಿಕೊಂಡು, ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಳ್ಳಿರಿ.