ಗುಳೆ: ಹೋಗಲೂ ಉಳಿಯಲೂ ಸ್ವಾತಂತ್ರ್ಯ



ತೊಗರಿ ರಾಶಿ ಮುಗಿಯಿತೆಂದರೆ ಯಾದಗಿರಿ ಜಿಲ್ಲೆಯ ಕೊಂಕಲ್, ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವು ಮನೆಗಳಲ್ಲಿ ಮುದುಕರಷ್ಟೇ ಉಳಿಯುತ್ತಾರೆ. ದುಡಿಯುವವರು ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಗುಳೆ ಹೋಗಿರುತ್ತಾರೆ.

ಗುಳೆ ಹೋಗುವುದು ತಪ್ಪೇ? ಅಲ್ಲ. ರೂತಳ ಗ್ರಂಥವನ್ನು ತೆರೆದು ನೋಡಿ. ಬೆತ್ಲೆಹೇಮ್ ಎಂದರೆ 'ರೊಟ್ಟಿಯ ಮನೆ' ಎಂದರ್ಥ. ಆ ರೊಟ್ಟಿಯ ಮನೆಯಲ್ಲೇ ಬರ ಬಿದ್ದಾಗ ನವೊಮಿಯ ಕುಟುಂಬ ಮೋವಾಬ್ ನಾಡಿಗೆ ಹೋಯಿತು. ದುಡಿಮೆಯ ಕುರಿತ 1981ರ ಪರಿಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ನಾಡು ಬಿಡುವ ಹಕ್ಕಿನ ಜೊತೆಗೆ ಮರಳಿ ಬರುವ ಹಕ್ಕೂ ಮನುಷ್ಯನಿಗಿದೆ ಎಂದರು. 2023ರ ವಲಸಿಗರ ದಿನಕ್ಕೆ ಜಗದ್ಗುರು ಫ್ರಾನ್ಸಿಸರು ಆರಿಸಿಕೊಂಡ ವಿಷಯವೂ ಇದೇ: ಹೋಗಬೇಕೋ ಉಳಿಯಬೇಕೋ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ.

ಈ ಸ್ವಾತಂತ್ರ್ಯ ನಮ್ಮ ಕೈತಪ್ಪುವುದು ಹೆಚ್ಚಾಗಿ ಸಾಲದಲ್ಲಿ. ಮಗುವಿನ ಕಾಯಿಲೆ, ಮಗಳ ಮದುವೆ, ಕೈಕೊಟ್ಟ ಮಳೆ. ಅದಕ್ಕೆ ಸಾಲ, ಸಾಲ ತೀರಿಸಲು ಮೇಸ್ತ್ರಿಯಿಂದ ಮುಂಗಡ. ಮುಂಗಡ ಪಡೆದ ಮೇಲೆ ಕೂಲಿ ಎಷ್ಟು, ರಜೆ ಯಾವಾಗ ಎಂದು ಕೇಳಲು ಬಾಯಿ ಬರುವುದಿಲ್ಲ. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದುಪಡಿಸಿದೆ. ಆದರೆ ಮುಂಗಡದ ಹಗ್ಗ ಕಣ್ಣಿಗೆ ಕಾಣುವುದಿಲ್ಲ.

ಒಂದು ಲೆಕ್ಕ ಹಾಕೋಣ. 10,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 5ರಂತೆ ವರ್ಷಕ್ಕೆ 6,000 ರೂಪಾಯಿ ಬಡ್ಡಿ. ಅಸಲು ಹಾಗೆಯೇ ಇರುತ್ತದೆ! ಅದೇ ಓಣಿಯ 15 ಮಂದಿ ತಾಯಂದಿರು ವಾರಕ್ಕೆ 50 ರೂಪಾಯಿ ಕೂಡಿಟ್ಟರೆ ವರ್ಷಕ್ಕೆ 39,000 ರೂಪಾಯಿ ಆಗುತ್ತದೆ. ಅದರಲ್ಲಿ ನೂರಕ್ಕೆ 1ರಂತೆ 10,000 ಪಡೆದರೆ ಬಡ್ಡಿ 1,200 ಮಾತ್ರ. ಅದೂ ಸಂಘಕ್ಕೇ ಸೇರುತ್ತದೆ. ಇದು ಬರೀ ಕನಸಲ್ಲ. ನಮ್ಮ ರಾಜ್ಯದಲ್ಲಿ 1980ರ ದಶಕದಲ್ಲೇ ಮೈರಾಡ ಸಂಸ್ಥೆ ಇಂಥ ಸಂಘಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಇವುಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಆರಂಭಿಸಿತು.

ಉಳಿತಾಯ ಮಳೆ ತರಿಸದು, ನಿಜ. ಆದರೆ ಆ ಹಣದಿಂದ ಕೊಂಡ ಎರಡು ಆಡು, ಒಂದು ಹೊಲಿಗೆ ಯಂತ್ರ ಕಷ್ಟದ ದಿನ ಆಸರೆಯಾಗುತ್ತವೆ. ಮೇಸ್ತ್ರಿ ಬಾಗಿಲಿಗೆ ಬಂದಾಗ "ಈ ವರ್ಷ ಬ್ಯಾಡ್ರಿ" ಎನ್ನುವ ಧೈರ್ಯ ಬರುತ್ತದೆ. ಹೋಗಲೇಬೇಕಾದರೆ ಕೂಲಿಯನ್ನು ಮೊದಲೇ ಬರೆಸಿಕೊಳ್ಳಿ. ಸಾಧ್ಯವಾದರೆ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಶಾಲೆ ತಪ್ಪದಂತೆ ನೋಡಿಕೊಳ್ಳಿ.

ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನವೊಮಿ, ತವರುನಾಡಿನಲ್ಲಿ ಮತ್ತೆ ಅನ್ನವಿದೆ ಎಂದು ಕೇಳಿ ಸೊಸೆಯೊಡನೆ ಮರಳಿದಳು. ಆಗ ಜವೆಗೋಧಿಯ ಸುಗ್ಗಿ. ಹೊಲದಲ್ಲಿ ಬಿದ್ದ ತೆನೆಗಳು ಬಡವರ ಪಾಲೆಂದು ಧರ್ಮಶಾಸ್ತ್ರ ವಿಧಿಸಿತ್ತು. ಹೊಲದೊಡೆಯ ಅದನ್ನು ಪಾಲಿಸಿದ. ಅನ್ನವೂ ಬೇಕು, ಬಂದವರನ್ನು ಸೇರಿಸಿಕೊಳ್ಳುವ ಊರೂ ಬೇಕು.

ಈ ವಾರ ಮನೆಯಲ್ಲಿ ಕೂತು ಮಾತಾಡಿ:
1. ನಮ್ಮ ಮನೆಯ ಸಾಲಕ್ಕೆ ತಿಂಗಳ ಬಡ್ಡಿ ಎಷ್ಟು?
2. ನಮ್ಮ ಓಣಿಯಲ್ಲಿ ಸಂಘ ಕಟ್ಟಲು ಯಾರು ಮುಂದೆ ಬಂದಾರು?
3. ಗುಳೆ ಹೋದವರ ಮನೆಯ ಹಿರಿಯರನ್ನು ನಾವು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?