ಮಕ್ಕಳಿಗೆ ಕಟ್ಟಿಕೊಡುವ ಬುತ್ತಿ

ದೂರದ ಪಯಣಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ನಮ್ಮ ನಾಡಿನ ವಾಡಿಕೆ. ಬಾಳಿನ ಪಯಣಕ್ಕೆ ಹೊರಡುವ ಮಕ್ಕಳಿಗೂ ಹಿರಿಯರು ಎರಡು ಬುತ್ತಿಗಳನ್ನು ಕಟ್ಟಬೇಕಾಗುತ್ತದೆ. ಒಂದು ಬಾಳುವ ಬಗೆ. ಇನ್ನೊಂದು ದುಡಿಯುವ ದಾರಿ. ಮೊದಲನೆಯದನ್ನು ಅಕ್ಷರ ಬಾರದ ತಂದೆತಾಯಿಗಳೂ ಕೊಡಬಲ್ಲರು. ಎರಡನೆಯದು ಹಾಗಲ್ಲ. ತಾವೇ ನಡೆಯದ ದಾರಿಯನ್ನು ಅವರು ಮಕ್ಕಳಿಗೆ ತೋರಿಸುವುದೆಂತು? ನನ್ನಂತೆ ಮನೆಯ ಮೊದಲ ಪದವೀಧರರಾಗಲಿರುವವರು ನಮ್ಮ ಕಾಲೇಜಿನಲ್ಲಿ ಅನೇಕರಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯು ಅಷ್ಟಾಗಿ ಏಳುತ್ತಿರಲಿಲ್ಲ. ಕುಂಬಾರನ ಮಗನು ತಿಗರಿಯ ಬಳಿಯಲ್ಲಿ, ಮೊಗವೀರರ ಹುಡುಗನು ದೋಣಿಯಲ್ಲಿ ಕಸುಬನ್ನೂ ನಡತೆಯನ್ನೂ ಒಟ್ಟಿಗೇ ಕಲಿಯುತ್ತಿದ್ದನು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅವರನ್ನು ತಿದ್ದುವ ಹೊಣೆಯಲ್ಲಿ ಸೋದರಮಾವನ ಪಾಲು ದೊಡ್ಡದು. ತೊಕ್ಕೊಟ್ಟಿನ ಮಗ್ಗುಲಲ್ಲೇ ಇರುವ ಉಳ್ಳಾಲದ ರಾಣಿ ಅಬ್ಬಕ್ಕನಿಗೆ ಯುದ್ಧವಿದ್ಯೆಯನ್ನೂ ರಾಜನೀತಿಯನ್ನೂ ಕಲಿಸಿದವನು ಮಾವ ತಿರುಮಲರಾಯನೆಂದು ನಾಡು ನೆನೆಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತರುವಾಯ ಆ ಪದ್ಧತಿಯ ಕಟ್ಟು ಸಡಿಲಿತು. ಆದರೂ ಅದರಲ್ಲಿ ಅಡಗಿದ್ದ ಒಂದು ವಿವೇಕವು ಇಂದಿಗೂ ಸಲ್ಲುತ್ತದೆ: ಮಗುವಿಗೆ ದಾರಿ ತೋರಿಸುವವರು ಹೆತ್ತವರೇ ಆಗಬೇಕೆಂದಿಲ್ಲ.

ಹಾಗಾದರೆ ಓದದ ಹೆತ್ತವರಿಂದ ದೊರೆಯುವುದೇನು? ನನ್ನ ಮನೆಯನ್ನೇ ಉದಾಹರಿಸುತ್ತೇನೆ. ತೊಕ್ಕೊಟ್ಟಿನ ಸುತ್ತಮುತ್ತಲಿನ ಅನೇಕ ತಾಯಂದಿರಂತೆ ನನ್ನ ಅಮ್ಮನೂ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ ನೂಲು ಸುತ್ತುವ ಈ ಕೆಲಸದಲ್ಲಿ ಕೂಲಿಯು ಸಾವಿರ ಬೀಡಿಯ ಲೆಕ್ಕದಲ್ಲಿ. ಬ್ರಾಂಚಿಗೆ ಒಯ್ದಾಗ ಸಡಿಲವಾಗಿದ್ದುದನ್ನು ಹೆಕ್ಕಿ ಬದಿಗಿಡುತ್ತಾರೆ. ಆದುದರಿಂದ ಕೆಲಸವನ್ನು ಮೊದಲ ಸಲವೇ ಸರಿಯಾಗಿ ಮಾಡಬೇಕೆಂಬುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಲಿಲ್ಲ. ವಾರದ ಲೆಕ್ಕವನ್ನು ಪುಸ್ತಕದಲ್ಲಿ ಬರೆಸಿಕೊಳ್ಳುವುದು, ಭವಿಷ್ಯನಿಧಿಯ ಹಣವನ್ನು ಮುಟ್ಟದಿರುವುದು, ಸಾಲ ತಂದರೆ ಹೇಳಿದ ದಿನಕ್ಕೆ ಹಿಂದಿರುಗಿಸುವುದು, ಇವು ನಮ್ಮ ಮನೆಯ ಅರ್ಥಶಾಸ್ತ್ರ. ಆದರೆ ಅಮ್ಮನು ತಂಗಿಯ ಕೈಗೆ ಎಂದೂ ಬೀಡಿಯ ಎಲೆಯನ್ನು ಕೊಟ್ಟವರಲ್ಲ. ಕಸುಬನ್ನು ಕಲಿಸದಿರುವುದೂ ಒಂದು ಪಾಠವೆಂದು ನನಗೆ ಈಗ ತೋರುತ್ತಿದೆ. ಅಪ್ಪ ಹಾಕಿದ ಆಲದ ಮರವೆಂದು ಅದಕ್ಕೇ ಜೋತುಬೀಳಬಾರದೆಂಬ ಗಾದೆಯನ್ನು ಅಮ್ಮನು ಆಡಿ ತೋರಿಸಲಿಲ್ಲ, ಮಾಡಿ ತೋರಿಸಿದರು.

ಇದೇ ಮಾತಿಗೆ ನಾಡೇ ತಲೆಬಾಗಿದ ನಿದರ್ಶನವೊಂದು ನಮ್ಮ ನೆರೆಯಲ್ಲಿದೆ. ಹರೇಕಳದ ಹಾಜಬ್ಬನವರು ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ಇಂಗ್ಲಿಷಿನಲ್ಲಿ ಬೆಲೆ ಕೇಳಿದ ವಿದೇಶೀಯರಿಗೆ ಉತ್ತರ ಹೇಳಲಾಗದೆ ನೊಂದ ಅವರು, ಆ ನೋವು ತಮ್ಮೂರಿನ ಮಕ್ಕಳಿಗೆ ಬಾರದಿರಲೆಂದು ಶಾಲೆಗಾಗಿ ಓಡಾಡಿದರು. 2000ದಲ್ಲಿ ಹರೇಕಳದ ನ್ಯೂಪಡ್ಪಿನಲ್ಲಿ ಸರಕಾರಿ ಶಾಲೆ ಆರಂಭವಾಯಿತು. ಮುಂದೆ ಅದು ಪ್ರೌಢಶಾಲೆಯಾಗಿ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ತಮಗೆ ತಿಳಿಯದ ವಿದ್ಯೆಯನ್ನು ಅವರು ಕಲಿಸಲು ಹೋಗಲಿಲ್ಲ; ಕಲಿಸಬಲ್ಲವರ ಬಳಿಗೆ ಮಕ್ಕಳನ್ನು ತಲುಪಿಸಿದರು. ಓದದ ಹಿರಿಯರು ಮಾಡಬಹುದಾದ ಮಾರ್ಗದರ್ಶನದಲ್ಲಿ ಇದಕ್ಕಿಂತ ಹಿರಿದಾದುದು ಯಾವುದು?

ಉಳಿದ ಭಾರವು ನಮ್ಮ ಮೇಲಿದೆ. ನನ್ನ ತಂಗಿಯು ಈ ವರ್ಷ ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಳೆ. ಅವಳ ಮುಂದಿನ ಓದಿನ ಮಾತು ಬಂದಾಗಲೆಲ್ಲ ಅಮ್ಮನು, "ನನಗೆ ಎಂತ ಗೊತ್ತುಂಟು? ನೀನೇ ಹೇಳಬೇಕಷ್ಟೆ" ಎನ್ನುತ್ತಾರೆ. ತಪ್ಪಿ ಹೇಳಿದರೆ ಅವಳ ಕೆಲವು ವರುಷಗಳೇ ವ್ಯರ್ಥವಾದಾವು. ಆದುದರಿಂದ ನಾನು ಅಧ್ಯಾಪಕರನ್ನೂ ಹಿಂದಿನ ವರ್ಷ ತೇರ್ಗಡೆಯಾದವರನ್ನೂ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡತೊಡಗಿದ್ದೇನೆ. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿ.ಯು.ಸಿ. ಸಾಕು, ಪ್ರಥಮ ದರ್ಜೆಗೆ ಪದವಿ ಬೇಕು. ಅಧ್ಯಾಪನವನ್ನು ಬಯಸುವ ಬಿ.ಎ. ಪದವೀಧರರು ಬಿ.ಎಡ್. ಮಾಡಬೇಕು, ಎಂಟನೆಯ ತರಗತಿಯವರೆಗಿನ ಶಿಕ್ಷಕರಾಗಲು ಟಿ.ಇ.ಟಿ.ಯಲ್ಲಿಯೂ ತೇರ್ಗಡೆಯಾಗಬೇಕು. ಪದವಿಯ ನಂತರ ಮೂರು ವರ್ಷದ ಕಾನೂನು ವ್ಯಾಸಂಗವುಂಟು. ಸ್ನಾತಕೋತ್ತರ ವ್ಯಾಸಂಗಕ್ಕೆ ಕೊಣಾಜೆಯ ವಿಶ್ವವಿದ್ಯಾನಿಲಯವು ತೊಕ್ಕೊಟ್ಟಿನಿಂದ ಒಂದು ಬಸ್ಸಿನ ದಾರಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದೆ. ಇವು ತಿಳಿದವರಿಗೆ ಸಣ್ಣ ಸಂಗತಿಗಳು. ತಿಳಿಯದ ಮನೆಯಲ್ಲಿ ಒಂದೊಂದೂ ಮುಚ್ಚಿದ ಬಾಗಿಲು.

ಆದರೆ ದಾರಿಯನ್ನು ತೋರಿಸುವುದು ಬೇರೆ, ಆ ದಾರಿಯಲ್ಲಿ ದೂಡುವುದು ಬೇರೆ. ತಾನು ಆಗಲಾರದುದನ್ನು ಮಗುವು ಆಗಲೇಬೇಕೆಂಬ ಹಟವು ಪ್ರೀತಿಯಿಂದ ಹುಟ್ಟಿದರೂ ಮಗುವಿಗೆ ಹೊರೆಯೇ. ತಂಗಿಗೆ ಲೆಕ್ಕದಲ್ಲಿ ಆಸಕ್ತಿ. ಅವಳು ನನ್ನಂತೆ ಇತಿಹಾಸವನ್ನೇ ಓದಲಿ ಎಂದು ನಾನು ಹೇಳಲಾರೆ. ಎಲ್ಲ ದಾರಿಗಳನ್ನೂ ಅವಳ ಮುಂದಿಟ್ಟು, ಪ್ರತಿಯೊಂದರ ಖರ್ಚು, ಕಾಲ, ಕಷ್ಟಗಳನ್ನು ತಿಳಿಸಿ, ಆರಿಸುವ ಸ್ವಾತಂತ್ರ್ಯವನ್ನು ಅವಳಿಗೇ ಬಿಡುವುದು ಲೇಸು.

ಸಹಪಾಠಿ ಮಿತ್ರರೇ, ನಾಳೆ ನಾವೂ ತಂದೆತಾಯಿಗಳಾಗುವವರು. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಮ್ಮ ಓಣಿಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಮುಂದೇನೆಂದು ತಿಳಿಯದೆ ಕುಳಿತಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಒಬ್ಬೊಬ್ಬ ಪದವೀಧರನೂ ಅಂಥ ಒಂದು ಮಗುವಿಗೆ ಸೋದರಮಾವನಂತೆ ನಿಂತರೆ ಸಾಕು. ನಡತೆಯ ಬುತ್ತಿಯನ್ನು ಆ ಮಗುವಿನ ತಾಯಿ ಆಗಲೇ ಕಟ್ಟಿರುತ್ತಾಳೆ. ದಾರಿಯ ಗುರುತನ್ನಷ್ಟೇ ನಾವು ಹೇಳಬೇಕಾದುದು.